ವ್ಯಾಸಪೀಠದ ಮೇಲೆ ಆರು ಕಣ್ಣಿನ ರಾಕ್ಷಸ

ಕೊಯಾಲಿ ಟೌನ್‌ಶಿಪ್, ವಡೋದರಾ
8 ಜನವರಿ 1997

ಪ್ರೀತಿಯ ಸುಲೋಚನಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಅಮ್ಮನನ್ನು ಮೈಸೂರಿಗೆ ಕರೆದೊಯ್ಯಲು ಇಪ್ಪತ್ತಕ್ಕೆ ಬರುತ್ತೇನೆ ಎಂದಿದ್ದೆಯಲ್ಲ, ಬರಬೇಡ. ಬಂದರೂ ನಾಲ್ಕು ದಿನ ಇಲ್ಲಿಯವರ ಉಂಧಿಯು ಪಲ್ಯ ತಿಂದುಕೊಂಡು ಒಬ್ಬಳೇ ವಾಪಸು ಹೋಗಬೇಕಾದೀತು.

ಅಮ್ಮನನ್ನು ಕರೆದುಕೊಂಡು ಹೋಗು ಎಂದು ಹೋದ ತಿಂಗಳು ಅತ್ತುಕೊಂಡು ಕಾಗದ ಬರೆದವಳು ನಾನೇ, ಒಪ್ಪಿದೆ. ಆಗ ಅಮ್ಮನ ಜೊತೆ ಮಾತಿಗೆ ಜನವಿರಲಿಲ್ಲ. ನೆರೆಯವರದು ಗುಜರಾತಿ, ಇವರಿಗೆ ರಿಫೈನರಿಯ ಶಿಫ್ಟು. ಮೇದಿನಿಗೆ ಹದಿಮೂರು ತುಂಬಿದರೂ ಅಜ್ಜಿಯ ಹತ್ತಿರ ‘ಹೂಂ’, ‘ಬೇಡ’ ಬಿಟ್ಟರೆ ಮೂರನೆಯ ಕನ್ನಡ ಮಾತಿಲ್ಲ. ಮೊಮ್ಮಗಳ ಪರಿಚಯವೇ ಆಗದೆ ಅಮ್ಮ ಹೊರಟುಹೋಗುತ್ತಾಳಲ್ಲ ಎಂದು ನನಗೆ ಒಳಗೊಳಗೇ ಸಂಕಟವಾಗುತ್ತಿತ್ತು.

ಡಿಸೆಂಬರ್ ರಜೆಯಲ್ಲಿ ಸೂರತ್ತಿನಿಂದ ನನ್ನ ಮೈದುನನ ಮಗ ಕಿಶೋರ್ ಬಂದಿದ್ದ. ಅವನು ಕಂಪ್ಯೂಟರಿನಲ್ಲಿ ಆಡುವ ಬಾಹ್ಯಾಕಾಶ ಯುದ್ಧದ ಆಟಗಳಿವೆಯಂತೆ, ಒಂದರ ಹಿಂದೆ ಒಂದು. ಅವುಗಳ ಕಥೆಯನ್ನೇ ಇಂಗ್ಲಿಷಿನಲ್ಲಿ ಕಾದಂಬರಿಯಾಗಿ ಬರೆದು ಮಾರುತ್ತಾರಂತೆ. ಅಂಥದೊಂದು ದಪ್ಪ ಪುಸ್ತಕವನ್ನು ಮೇದಿನಿಗೆ ಕೊಟ್ಟುಹೋದ. ಅವಳು ಊಟಕ್ಕೂ ತಲೆ ಎತ್ತದೆ ಓದುವುದನ್ನು ಕಂಡು ಅಮ್ಮ, ಅದು ಯಾವ ಪುರಾಣವೆಂದು ವಿಚಾರಿಸಿದಳು.

ಅಷ್ಟೇ ನೋಡು. ಮಾರನೆಯ ದಿನದಿಂದ ಮಧ್ಯಾಹ್ನ ಮೂರಕ್ಕೆ ಪಾರಾಯಣ. ಕೈಕಾಲು ತೊಳೆಯದೆ ಪುಸ್ತಕ ಮುಟ್ಟುವಂತಿಲ್ಲ. ಮುಖಪುಟದ ಆರು ಕಣ್ಣಿನ ರಾಕ್ಷಸ ಅಮ್ಮನ ವ್ಯಾಸಪೀಠದ ಮೇಲೆ ಹಾಯಾಗಿ ಕೂತಿದ್ದ. ಮೇದಿನಿ ಒಂದೊಂದೇ ಪುಟ ಓದಿಕೊಂಡು ಹರಕುಮುರುಕು ಕನ್ನಡದಲ್ಲಿ ಹೇಳುತ್ತಿದ್ದಳು. ಮಾತು ಸಿಗದಿದ್ದರೆ ಅಡುಗೆಮನೆಗೆ ಓಡಿಬಂದು ನನ್ನನ್ನು ಕೇಳುತ್ತಿದ್ದಳು. ಆಕಾಶನೌಕೆ ನಡೆಸುವ ಹುಡುಗಿಗೆ ಮೂರು ದಿನದಿಂದ ಅನ್ನವಿಲ್ಲವೆಂದು ತಿಳಿದು ಅಮ್ಮ ಅವತ್ತಿನ ಕಾಫಿ ಬಿಟ್ಟಳು. ಕಾಫಿಯಿಲ್ಲದೆ ಅವಳ ಪಾಡು ಎಂಥದೆಂದು ನಿನಗೆ ಗೊತ್ತಲ್ಲ.

ಭಾನುವಾರ ಕೊನೆಯ ಅಧ್ಯಾಯ. ಮಂಗಳಕ್ಕೆಂದು ನಾನು ಪಾಯಸ ಮಾಡಿದ್ದೆ. ಮೇದಿನಿ ಪುಸ್ತಕ ಮುಚ್ಚಿ, ಆ ಹುಡುಗಿ ಹೆಪ್ಪುಗಟ್ಟಿದ ಗ್ರಹವೊಂದರಲ್ಲಿ ಸಿಕ್ಕಿಬಿದ್ದಿದ್ದಾಳೆ, ಉಳಿದದ್ದು ಮುಂದಿನ ಪುಸ್ತಕದಲ್ಲಿ, ಅದು ಬರಲು ತಿಂಗಳುಗಳೇ ಬೇಕು ಎಂದುಬಿಟ್ಟಳು. ಅಮ್ಮನ ನೇಮ ಬಲ್ಲೆಯಲ್ಲ, ಕಷ್ಟದ ಜಾಗದಲ್ಲಿ ಪಾರಾಯಣ ನಿಲ್ಲಿಸುವಂತಿಲ್ಲ, ಮಂಗಳವಾಗದೆ ಊರು ಬಿಡುವಂತಿಲ್ಲ. ಇದೇ ನೇಮಕ್ಕಾಗಿ ನಿನ್ನ ಮದುವೆಯ ಹಿಂದಿನ ದಿನ ಚಪ್ಪರದವರನ್ನು ಬಾಗಿಲಲ್ಲಿ ಕಾಯಿಸಿದವಳು! ನೀನು ಬರುವ ದಿನವನ್ನು ನಾನು ಅಮ್ಮನಿಗೆ ನೆನಪಿಸಿದೆ.

“ಆ ಮಗು ಅಲ್ಲಿ ಒಂಟಿಯಾಗಿ ನಿಂತಿರೋವಾಗ ನಾನು ಹ್ಯಾಗೆ ಹೊರಡ್ಲೇ?” ಎಂದಳು.

ಈಗ ದಿನಾ ಸಂಜೆ ಇಬ್ಬರೂ ಬಾಲ್ಕನಿಯಲ್ಲಿ ಕೂತು ಆ ಹುಡುಗಿಯನ್ನು ಬಿಡಿಸುವ ಉಪಾಯ ಹುಡುಕುತ್ತಾರೆ. ಅಮ್ಮ ಹೇಳಿದ್ದನ್ನು ಮೇದಿನಿ ಒಪ್ಪುವುದಿಲ್ಲ, ಕನ್ನಡದಲ್ಲೇ ಜಗಳಕ್ಕೆ ನಿಲ್ಲುತ್ತಾಳೆ. ಒಳಗೆ ಚಪಾತಿ ಲಟ್ಟಿಸುತ್ತಾ ನಾನು ಕೇಳಿಸಿಕೊಳ್ಳುತ್ತಿರುತ್ತೇನೆ. ತುಂಬ ಸಂತೋಷವಾಗಿದ್ದೇನೆ, ಅಕ್ಕ.

ಭಾವನವರಿಗೆ ನಮಸ್ಕಾರ ತಿಳಿಸು.

ನಿನ್ನ,
ರಮಾಮಣಿ

ತಾ.ಕ.: ನಿನ್ನೆ ಮೇದಿನಿ ಶಾಲೆಗೆ ಹೋದಾಗ ಆ ಪುಸ್ತಕದ ಕೊನೆಯ ಪುಟ ತೆಗೆದು ಓದಿದೆ. ಹುಡುಗಿ ಕ್ಷೇಮವಾಗಿ ಮನೆ ಸೇರಿ ಊಟಕ್ಕೆ ಕೂತಿದ್ದಾಳೆ. ಅಮ್ಮನಿಗೆ ಹೇಳಿಲ್ಲ. ನೋಡಿದೆನೆಂದು ಮೇದಿನಿಗೂ ಹೇಳಿಲ್ಲ.