ರಂಪಣಿಯ ಹಗ್ಗ

ಅಪ್ಪಾ,

ನೀನು ಹೋಗಿ ಎರಡು ಮಳೆಗಾಲ ಕಳೆದವು. ಈ ಕಾಗದ ಹಾಕಲು ವಿಳಾಸವಿಲ್ಲ. ಆದರೂ ಇವತ್ತಿನ ಸುದ್ದಿಯನ್ನು ಮೊದಲು ನಿನಗೇ ಹೇಳಬೇಕು.

ನಿನ್ನ ಮೊಮ್ಮಗಳು ಪ್ರೀತಿಗೆ ರಕ್ತದ ಕ್ಯಾನ್ಸರ್. ಮನೆಯ ರೋಗದ ಮಾತು ಕಡಲ ದಂಡೆಗೆ ಹೋಗಬಾರದು ಎನ್ನುತ್ತಿದ್ದೆ ನೀನು. ನಾನೂ ಹಾಗೆಯೇ ಬಾಯಿ ಮುಚ್ಚಿಕೊಂಡಿದ್ದೆ. ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಹುಡುಗನ ತಾಯಿ, ಅಗಸೂರಿನ ಅಮಿತಾ, ನನ್ನನ್ನು ಬೈದಳು. "ಕೇಳದೆ ಯಾರ್ ಬರ್ತಾರೆ? ನಾ ಊರೆಲ್ಲ ಕೇಳ್ದೆ. ಈಗ ನಮ್ಮನೇಲಿ ಅಡಿಗೆ ಮಾಡುಕೂ ಜನ ಇದ್ದಾರೆ."

ಇವತ್ತು ಬೆಳಿಗ್ಗೆ ಊರವರೆಲ್ಲ ಸೇರಿ ರಂಪಣಿ ಬಲೆಯನ್ನು ದಂಡೆಗೆ ಎಳೆಯುವಾಗ ನಾನೂ ಹಗ್ಗ ಹಿಡಿದೆ. ಎಳೆಯುತ್ತಲೇ ಎಲ್ಲ ಹೇಳಿದೆ, ಆಸ್ಪತ್ರೆಗೆ ಹೋದಾಗ ಸಣ್ಣ ಮಗನನ್ನು ನೋಡಿಕೊಳ್ಳುವವರಿಲ್ಲ ಎಂಬುದನ್ನೂ. ಯಾರೂ ಹಗ್ಗ ಬಿಡಲಿಲ್ಲ. ಹಿಂದಿನಿಂದ ಕಾಶಿ ಅಕ್ಕ, "ಅವನ್ನ ನಮ್ಮನೇಲಿ ಬಿಡು, ಹೇಳುಕೆ ಇಷ್ಟ್ ದಿವ್ಸ ಬೇಕಾಯ್ತಾ?" ಎಂದಳು. ಮಾಸ್ತಿ ಮಾವ ತಿರುಗಿಯೂ ನೋಡದೆ, "ಯಾವ್ ಗ್ರೂಪಿನ ರಕ್ತ ಬೇಕು?" ಎಂದು ಕೇಳಿದ. ಹಗ್ಗ ಹಿಡಿದವರಿಗೆಲ್ಲ ಮೀನಿನಲ್ಲಿ ಪಾಲುಂಟಲ್ಲ, ಇವತ್ತು ನನ್ನ ಪಾಲಿನ ಪಕ್ಕ ಪ್ರೀತಿಯ ಹೆಸರಿನಲ್ಲೂ ಒಂದು ಪಾಲು ಇಟ್ಟಿದ್ದರು.

ಅವಳು ಗುಣವಾಗುತ್ತಾಳೆ. ಡಾಕ್ಟರೂ ಹಾಗೇ ಹೇಳುತ್ತಾರೆ, ನನಗೂ ನಂಬಿಕೆಯಿದೆ. ಮಧ್ಯಾಹ್ನ ಬಂಗಡೆ ಸಾರನ್ನು ಕೇಳಿ ಕೇಳಿ ಬಡಿಸಿಕೊಂಡಳು.

ನಾವು ಸಣ್ಣವರಿದ್ದಾಗ ನನ್ನ ತಮ್ಮ ಕಿಶನನಿಗೆ ಇದೇ ಕಾಯಿಲೆ ಬಂದಾಗ, ದಂಡೆಯವರ ಕಣ್ಣಿಗೆ ಬೀಳಬಾರದೆಂದು ನೀನು ಅವನನ್ನು ಹೆಗಲ ಮೇಲೆ ಹೊತ್ತು ಹಿತ್ತಲ ದಾರಿಯಿಂದ ಬಸ್ಸಿಗೆ ಹೋಗುತ್ತಿದ್ದೆ. ರಂಪಣಿಯನ್ನು ಒಬ್ಬನೇ ಎಳೆಯಲಾಗದು ಎಂದು ನನಗೆ ಕಲಿಸಿದವನು ನೀನೇ ಅಲ್ಲವೇ, ಅಪ್ಪಾ.

ವಿಜೇತಾ