ಸುಹೇಲನ ಸೀಸೆಗೆ ಒಪ್ಪಿಗೆ

ಶಿರಾ
12-11-2024

ಸಂಶೋಧಕಿ ಗಂಗಾಂಬಿಕಾ ಅವರಿಗೆ ವಂದನೆಗಳು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಇದರೊಳಗೆ ಇಟ್ಟಿದ್ದೇನೆ. ನಾನು ಕನ್ನಡ ಮಾಧ್ಯಮದ ಪದವೀಧರ. ನಿಮ್ಮ ಎರಡು ಪುಟ ಇಂಗ್ಲಿಷಿನ ಭಾರ, ಓದಲು ಹಿಡಿಯಿತು ಎರಡು ವಾರ. ಪ್ರಾಸದ ಚಟ, ಮನ್ನಿಸಿ.

ಅರ್ಥವಾದದ್ದು ಇಷ್ಟು. ನನ್ನ ತಮ್ಮ ಸುಹೇಲನನ್ನು ಕೊಂದ, ಆಸ್ಪತ್ರೆಯಲ್ಲಿ ತೆಗೆದ ಅವನ ರಕ್ತದಲ್ಲಿದ್ದ ಮಲೇರಿಯಾ ಪರಾವಲಂಬಿಗಳು ನಿಮ್ಮ ಪ್ರಯೋಗಾಲಯದ ಸೀಸೆಯಲ್ಲಿ ಇನ್ನೂ ಬದುಕಿವೆ. ಅವು ತಮ್ಮ ಡಿಎನ್‌ಎಯನ್ನು ನಕಲು ಮಾಡಿಕೊಂಡೇ ಹೆಚ್ಚುತ್ತವೆ. ಆ ನಕಲು ಮಾಡುವ ಕಿಣ್ವಗಳ ಜೀನ್‌ಗಳನ್ನು ನೀವು ಪರೀಕ್ಷಿಸುತ್ತಿದ್ದೀರಿ, ಅವನ್ನು ತಡೆಯುವ ಔಷಧಿಗಾಗಿ.

ನಮ್ಮ ತಾಯಿ ಮೊದಲು ಸಹಿ ಬೇಡವೆಂದರು. "ಅವನ ರಕ್ತ ಇನ್ನೂ ಹೊರಗೈತಾ? ತಂದ್ಬುಡು, ಅವನ ಪಕ್ಕದಲ್ಲೇ ಮಣ್ಣು ಮಾಡಾನ" ಎಂದರು. ಅವನದು ಒಂದು ಹನಿಯೂ ಉಳಿದಿಲ್ಲ, ಈಗ ದಾನಿಗಳ ರಕ್ತದಲ್ಲಿ ಬೆಳೆಸುತ್ತಾರೆ ಎಂದು ನೀವು ಫೋನಿನಲ್ಲಿ ಹೇಳಿದ್ದನ್ನೇ ಹೇಳಿದೆ.

"ಅವನನ್ನ ತಿಂದದ್ದಕ್ಕೆ ಇನ್ನೂ ಊಟ ಹಾಕ್ತಾವ್ರಾ?"

"ಸಾಯಿಸಾಕೇ ಸಾಕ್ತಾವ್ರೆ, ಅಮ್ಮಿ" ಎಂದೆ. ಪೆನ್ನು ಅವರೇ ತಂದುಕೊಟ್ಟರು.

ಸುಹೇಲ್ ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಫಲಕ ತೊಳೆಯುತ್ತಿದ್ದ. ಅಲ್ಲಿ ಯಾರಿಗೆ ಜ್ವರ ಬಂದರೂ ಬಿಸಿಲನ್ನೇ ದೂರುತ್ತಾರೆ. ಬಿಸಿಲು ಬಡಿದಿದೆ ಎಂದು ಮೂರು ದಿನ ಮನೆಯಲ್ಲೇ ಮಲಗಿಸಿ ಮಜ್ಜಿಗೆ ಕುಡಿಸಿದವನು ನಾನು. ಆ ಮೂರು ದಿನದಲ್ಲಿ ಅವು ಎಷ್ಟು ಪಟ್ಟು ಹೆಚ್ಚಿದವೆಂದು ನಿಮಗೆ ಗೊತ್ತಿರುತ್ತದೆ. ದಯವಿಟ್ಟು ನನಗೆ ತಿಳಿಸಬೇಡಿ.

ಒಂದು ವಿನಂತಿ. ಔಷಧಿ ಸಿಕ್ಕ ದಿನ ಮೊದಲ ಹನಿಯನ್ನು ಆ ಸೀಸೆಗೇ ಹಾಕಿ. ಎಲ್ಲವೂ ಸತ್ತವು ಎಂದು ಒಂದು ಸಾಲಿನ ಕಾರ್ಡು ಬರೆಯಿರಿ. ತಾಯಿಗೆ ಓದಿ ಹೇಳಬೇಕು. ಆ ಸಾಲಿಗೆ ಪ್ರಾಸ ಬೇಡ.

ಇಂತಿ,
ಸುಹೇಲನ ಅಣ್ಣ
ಅಜರ್