ಅಳಿಯನಿಗೆಂದು ಹಾಕಿಸಿದ ನಲ್ಲಿ

ಮಣ್ಣಗುಡ್ಡ, ಮಂಗಳೂರು
17-4-1967, ಸೋಮವಾರ, ಮಧ್ಯಾಹ್ನ

ಪ್ರೀತಿಯ ಬಾಪಾ,

ಅಸ್ಸಲಾಮು ಅಲೈಕುಂ. ನಿಮ್ಮ ಅಳಿಯ ಅಳತೆ ತೆಗೆದುಕೊಳ್ಳಲು ಬೆಳಿಗ್ಗೆಯೇ ಪಣಂಬೂರಿಗೆ ಹೋಗಿದ್ದಾರೆ. ವೆಲ್ಡಿಂಗ್ ಯಂತ್ರ ಇವತ್ತು ನಿಂತಿದೆ. ಉಮ್ಮ ಊಟ ಮುಗಿಸಿ ಒಳಗೆ ಮಲಗಿದ್ದಾರೆ. ಸದ್ದಿಲ್ಲದ ಹೊತ್ತು ನೋಡಿ ಬರೆಯಲು ಕೂತಿದ್ದೇನೆ. ನಿಮ್ಮ ಬೆನ್ನುನೋವು ಈಗ ಹೇಗುಂಟು? ಹಡಗಿನ ಹೊಟ್ಟೆಯೊಳಗೆ ಬಗ್ಗಿ ಕೂತು ಬೆಸೆಯುವ ಕೆಲಸವನ್ನು ಇನ್ನಾದರೂ ಎಳೆಯರಿಗೆ ಬಿಟ್ಟುಕೊಡಬೇಕಂತೆ, ಉಮ್ಮ ಹೇಳಿದ್ದು. ಈ ಮಾತನ್ನು ಅವರು ಪ್ರತಿ ಪತ್ರದಲ್ಲೂ ಬರೆಸುತ್ತಾರೆ, ನೀವು ಪ್ರತಿ ಪತ್ರದಲ್ಲೂ ಅದೊಂದಕ್ಕೆ ಉತ್ತರ ಕೊಡದೆ ಬಿಡುತ್ತೀರಿ. ಬೊಂಬಾಯಿಯ ಸೆಕೆಯಲ್ಲಿ ನೀರು ಚೆನ್ನಾಗಿ ಕುಡಿಯಿರಿ. ಕಣ್ಣು ಉರಿದರೆ ಉಜ್ಜಬೇಡಿ. ನನಗೆ ಆರೋಗ್ಯ ಉಂಟು. ಉಮ್ಮನ ವಿಷಯ ಮುಂದೆ ಬರೆಯುತ್ತೇನೆ. ಗಾಬರಿಯಾಗುವಂಥದ್ದೇನೂ ಇಲ್ಲ, ಅವರು ನಡೆದಾಡಿಕೊಂಡು ಇದ್ದಾರೆ.

ಯಂತ್ರದ ಸುದ್ದಿಯನ್ನು ನೀವು ಮೊದಲು ಕೇಳುತ್ತೀರಿ ಎಂದು ಗೊತ್ತು. ಹೋದ ರಜೆಯಲ್ಲಿ ನೀವು ಬೊಂಬಾಯಿಯಿಂದ ತಂದು ಅಂಗಳದ ಶೆಡ್ಡಿನಲ್ಲಿ ಕೂರಿಸಿ, ನಿಮ್ಮ ಅಳಿಯನಿಗೆ ಕಲಿಸಿಕೊಟ್ಟು ಹೋದಿರಲ್ಲ, ಅವರು ಅದನ್ನು ನೀವು ಹೇಳಿದ ಹಾಗೆಯೇ ನಡೆಸುತ್ತಿದ್ದಾರೆ. ಕಾಲಿನ ಕೆಳಗೆ ಒಣ ಹಲಗೆ, ಕಾಲಲ್ಲಿ ರಬ್ಬರ್ ಅಟ್ಟೆಯ ಬೂಟು, ಕೈಗೆ ಚರ್ಮದ ಗವಸು. ಕಪ್ಪು ಗಾಜು ಮುಖಕ್ಕೆ ಹಿಡಿಯದೆ ಒಂದು ಚುಕ್ಕಿಯನ್ನೂ ಬೆಸೆಯುವುದಿಲ್ಲ. ಕರೆಂಟು ಮರಳಿ ಬರುವ ಎರಡನೇ ಕೇಬಲ್ಲಿನ ಇಕ್ಕಳವನ್ನು ತುಕ್ಕು ಕೆರೆದು, ಬೆಸೆಯುವ ಕಬ್ಬಿಣಕ್ಕೇ ಕಚ್ಚಿಸುತ್ತಾರೆ. ಹತ್ತಿರ ಸಿಕ್ಕಿತೆಂದು ಗೇಟಿಗೋ ಕಂಬಕ್ಕೋ ಸಿಕ್ಕಿಸುವವರಲ್ಲ. ಹೋದ ತಿಂಗಳು ಕಂಕನಾಡಿಯ ಒಬ್ಬರು ಪೆಟ್ರೋಲಿನ ಹಳೆ ಬ್ಯಾರೆಲ್ ತಂದು ತೂತು ಮುಚ್ಚಿಕೊಡಿ ಎಂದರು. “ಖಾಲಿ ಮಾರಾಯ್ರೇ, ಒಳಗೆ ಎಂತದೂ ಇಲ್ಲ” ಎಂದು ಬಡಿದು ತೋರಿಸಿದರು. ಇವರು ಮೂಗು ಹತ್ತಿರ ಇಟ್ಟು ನೋಡಿ, “ತುಂಬಿದ್ದಕ್ಕಿಂತ ಖಾಲಿಯದ್ದೇ ಹೆದರಿಕೆ. ವಾಸನೆ ಉಂಟಲ್ಲ, ನಮ್ಮಿಬ್ಬರನ್ನೂ ಹಾರಿಸಲಿಕ್ಕೆ ಅಷ್ಟು ಸಾಕು” ಎಂದು ವಾಪಸು ಕಳಿಸಿದರು. ಆಚೆಮನೆಯ ಐರಿನ್ ಬಾಯಿ ಬೇಲಿಯ ಹತ್ತಿರ ಬಂದು, “ಜಮಾಲುದ್ದೀನ್, ನನ್ನ ಅಡುಗೆಮನೆಯಲ್ಲಿ ಹಗಲೇ ಸಿಡಿಲು ಹೊಡೀತದೆ. ನಾನು ಮೀನು ಹೆಚ್ಚುವುದಾ, ಬೆರಳು ಹೆಚ್ಚುವುದಾ?” ಎಂದು ಕೇಳಿದ ದಿನವೇ ಆ ಬದಿಗೆ ತಗಡು ಕಟ್ಟಿದರು. ಈಗ ಅವರ ದೂರು ಗಾಳಿ ಬರುವುದಿಲ್ಲ ಎಂದು.

ಇದನ್ನೆಲ್ಲ ಬರೆದದ್ದು ನಿಮ್ಮ ಅಳಿಯ ಅಜಾಗ್ರತೆಯವರಲ್ಲ ಎಂದು ನಿಮಗೆ ತಿಳಿಯಲಿ ಎಂದು. ಪಣಂಬೂರಿನಲ್ಲಿ ಹೊಸ ಬಂದರಿನ ಕೆಲಸ ಹಿಡಿದಿರುವ ಕಂಟ್ರಾಕ್ಟರರೊಬ್ಬರು ಕಲ್ಲು ಸಾಗಿಸುವ ಕೈಗಾಡಿಗಳನ್ನು ಮಾಡಲು ಕೊಟ್ಟಿದ್ದಾರೆ. ಮಳೆಗಾಲಕ್ಕೆ ಮೊದಲು ಎಲ್ಲವೂ ಆಗಬೇಕು. ಇವರಿಗೆ ಸಿಕ್ಕಿದ ಮೊದಲ ದೊಡ್ಡ ಕೆಲಸ. ಇವರ ಅಣ್ಣ ಹಳೆ ಬಂದರಿನ ತಮ್ಮ ಅಂಗಡಿಯಲ್ಲಿ ಒಣಮೀನಿನ ಮೂಟೆಗಳ ಮಧ್ಯೆ ಕೂತು, “ನಮ್ಮವನು ಈಗ ಅತ್ತೆಮನೆಯ ಕರೆಂಟಿನಲ್ಲಿ ಉರಿಯುವ ಬಲ್ಬು” ಎಂದು ಬಂದವರೊಡನೆಲ್ಲ ಹೇಳಿ ನಗುತ್ತಾರಂತೆ. ಆ ಮಾತು ಇವರ ಕಿವಿಗೂ ಬಿದ್ದಿದೆ. ಆ ವಾರ ಒಂದು ಹೊತ್ತೂ ಕೂತು ಊಟ ಮಾಡಲಿಲ್ಲ. ಅಂಥವರಿಗೆ ಈ ಮನೆಯಲ್ಲಿ ಯಂತ್ರ ನಿಲ್ಲಿಸಿ ಎಂದು ಹೇಳುವುದು ಸಣ್ಣ ಮಾತಲ್ಲ. ಆದರೂ ಅದನ್ನೇ ಹೇಳಬೇಕಾಗಿ ಬಂದಿದೆ.

ನೀವು ಹೋಗುವ ಮುಂಚೆ ಯಂತ್ರದಿಂದ ಸೋರಿದ ಕರೆಂಟು ನೆಲಕ್ಕೆ ಇಳಿಯಲೆಂದು ಹಿತ್ತಿಲಿನಲ್ಲಿ ತೋಡಿಸಿದ ಅರ್ತ್ ಗುಂಡಿ ನಿಮಗೆ ನೆನಪಿರಬೇಕು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ, ಒಣ ನೆಲ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ನೀವು ಜಾಗ ಹುಡುಕುತ್ತಾ ಮನೆಗೆ ಒಂದು ಸುತ್ತು ಬಂದಿರಿ. ಕೊನೆಗೆ ವುಳೂ ಮಾಡುವ ಕಲ್ಲಿನ ತೊಟ್ಟಿಯ ಪಕ್ಕ ನಿಂತು, “ಇಲ್ಲೇ ತೋಡಿ. ಐದು ಹೊತ್ತು ನಮಾಜಿಗೆ ಕೈಕಾಲು ತೊಳೆದ ನೀರು ಇಲ್ಲಿಗೇ ಬೀಳುತ್ತದೆ. ಈ ಮನೆಯಲ್ಲಿ ನಮಾಜು ಇರುವ ತನಕ ಈ ಗುಂಡಿ ಒಣಗುವುದಿಲ್ಲ” ಎಂದಿರಿ. ಇದ್ದಲು, ಉಪ್ಪು, ಕೊಳವೆ ಎಲ್ಲ ಹಾಕಿ ಮುಚ್ಚಿದ ಮೇಲೆ ಉಮ್ಮ ಅದರ ಮೇಲೆ ಒಂದು ಕೊಡ ನೀರು ಹೊಯ್ದರು. ನಮಾಜು ಈ ಮನೆಯಲ್ಲಿ ಈಗಲೂ ಉಂಟು ಬಾಪಾ. ನೀರು ಮಾತ್ರ ಬೇರೆ ಕಡೆಗೆ ಹೋಯಿತು.

ಮದುವೆಯಾಗಿ ಮೂರು ವರ್ಷವಾದರೂ ಉಮ್ಮನಿಗೆ ಇವರು ಇನ್ನೂ ಪುದಿಯಾಪ್ಳ, ಹೊಸ ಮದುಮಗ. ಇವರ ಎದುರು ನಿಂತು ಮಾತಾಡುವುದಿಲ್ಲ, ಬಾಗಿಲಿನ ಹಿಂದಿನಿಂದ ನನ್ನ ಬಾಯಲ್ಲಿ ಹೇಳಿಸುತ್ತಾರೆ. ಅಂಥ ಅಳಿಯ ವುಳೂ ಮಾಡಲು ಕೋಳಿಗೂಡು ದಾಟಿ, ಬೂದಿಯ ರಾಶಿ ದಾಟಿ ಹಿತ್ತಿಲಿಗೆ ಹೋಗುವುದೆಂದರೆ ಅವರಿಗೆ ಮೊದಲಿನಿಂದಲೂ ಮುಜುಗರ. “ನೋಡಿದವರು ಎಂತ ಹೇಳಿಯಾರು? ಅವನನ್ನು ಕೋಳಿಯ ಜೊತೆ ಕೈಕಾಲು ತೊಳೆಯಲಿಕ್ಕೆ ಬಿಟ್ಟಿದ್ದಾರೆ ಎಂದಾರು” ಎನ್ನುತ್ತಿದ್ದರು. ಫೆಬ್ರವರಿಯಲ್ಲಿ ಎದುರಿನ ಜಗಲಿಯ ಪಕ್ಕ ಸಿಮೆಂಟಿನ ಕಟ್ಟೆ ಕಟ್ಟಿಸಿ, ನಲ್ಲಿ ಹಾಕಿಸಿದರು. ನಿಮಗೆ ಬರೆದಿದ್ದೆ, ನೀವೂ ಸಂತೋಷ ಎಂದು ಬರೆದಿರಿ. ನಲ್ಲಿ ಬಂದ ಮೇಲೆ ನಾವಿಬ್ಬರು ಹೆಂಗಸರೂ ಬೆಳಗಿನ ಹೊತ್ತು ಅಲ್ಲಿಗೇ ಹೋಗತೊಡಗಿದೆವು, ಉಳಿದ ಹೊತ್ತಿಗೆ ಅಲ್ಲಿಂದ ತುಂಬಿಟ್ಟ ನೀರಿನಲ್ಲಿ ಒಳಗೇ ವುಳೂ ಮಾಡುತ್ತೇವೆ. ಹಿತ್ತಿಲಿನ ತೊಟ್ಟಿ ಖಾಲಿ ಬಿದ್ದಿತು, ಈಗ ಅದರಲ್ಲಿ ಕೋಳಿ ಮೊಟ್ಟೆಯಿಡುತ್ತದೆ. ಗುಂಡಿಯ ನೆನಪು ಯಾರಿಗೂ ಬರಲಿಲ್ಲ. ಯಂತ್ರ ಅಂಗಳದಲ್ಲಿ, ಅಲ್ಲಿ ಹೊರಗಿನ ಗಂಡಸರು ಇರುವಾಗ ನಾವು ಹೋಗುವುದಿಲ್ಲ. ಗುಂಡಿ ಹಿತ್ತಿಲಿನಲ್ಲಿ, ಅಲ್ಲಿಗೆ ಪುದಿಯಾಪ್ಳ ಈಗ ಕಾಲಿಡುವುದಿಲ್ಲ.

ಬಕ್ರೀದ್ ಕಳೆದ ಮೇಲೆ ಇವರ ಅಂಗಿಗಳು ದಾಸವಾಳದ ಬೇಲಿಯ ಮೇಲೆ ಒಣಗುವುದನ್ನು ನೋಡಿದೆ. ಶೆಡ್ಡಿನ ಕಬ್ಬಿಣದ ಕಂಬದಿಂದ ಹಲಸಿನ ಮರಕ್ಕೆ ಬಟ್ಟೆ ಒಣಗಿಸಲೆಂದು ಕಟ್ಟಿದ ಕಬ್ಬಿಣದ ಸರಿಗೆ ಖಾಲಿಯಿತ್ತು. ಕೇಳಿದ್ದಕ್ಕೆ ಉಮ್ಮ, “ಬೇಲಿಯಲ್ಲಿ ಬೇಗ ಒಣಗುತ್ತದೆ” ಎಂದರು. ಅಂಗಿಗೆ ದಾಸವಾಳದ ಕಲೆಯಾಗಿತ್ತು. ಉಮ್ಮ ಬಟ್ಟೆಗೆ ಕಲೆಯಾಗಲು ಬಿಡುವವರಲ್ಲ ಎಂದು ನಿಮಗೆ ಗೊತ್ತು. ಆದರೂ ನಾನು ಮತ್ತೆ ಕೇಳಲಿಲ್ಲ. ಶುಕ್ರವಾರ ಸಂಜೆ ಒಂದು ಮಳೆ ಬಂತು, ಈ ವರ್ಷದ ಮೊದಲನೆಯದು. ಅಂಗಳದ ಮಣ್ಣು ಮೇಲಿನಿಂದಷ್ಟೇ ಒದ್ದೆಯಾಯಿತು. ಶನಿವಾರ ಬೇಲಿಯೆಲ್ಲ ನೀರು ಸುರಿಯುತ್ತಿದ್ದುದರಿಂದ ಉಮ್ಮ ಬರಿಗಾಲಿನಲ್ಲಿ ಹೋಗಿ ಒದ್ದೆ ಲುಂಗಿಯನ್ನು ಸರಿಗೆಗೆ ಹಾಕಿದರು. ಶೆಡ್ಡಿನಲ್ಲಿ ಇವರು ತಗಡಿನ ಆಚೆ ಕೂತು ಬೆಸೆಯುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ಕಂಡದ್ದು ಇಷ್ಟು: ಉಮ್ಮನ ಕೈ ಸರಿಗೆಯನ್ನು ಬಿಗಿಯಾಗಿ ಹಿಡಿಯಿತು, ಬಿಡಲಿಲ್ಲ, ಆಮೇಲೆ ಅವರು ಹಿಂದಕ್ಕೆ ಬಿದ್ದರು. ಬಿದ್ದುದರಿಂದಲೇ ಕೈ ಬಿಟ್ಟಿತು. ನಾನು ಓಡಿ ಹೋಗುವಷ್ಟರಲ್ಲಿ ಎದ್ದು ಕೂತಿದ್ದರು. ತುಟಿ ಬೆಳ್ಳಗಾಗಿತ್ತು. “ಸರಿಗೆ ಸ್ವಲ್ಪ ಕಚ್ಚುತ್ತದೆ ಮಗಳೇ, ಇವತ್ತು ಹೆಚ್ಚು ಕಚ್ಚಿತು” ಎಂದರು. ಯಾವಾಗಿನಿಂದ ಎಂದು ಕೇಳಿದೆ. “ಅದೆಲ್ಲ ಈಗ ಎಂತಕ್ಕೆ? ಅವನಿಗೆ ಹೇಳಬೇಡ. ಊಟಕ್ಕೆ ಬರುವ ಹೊತ್ತು. ಪುದಿಯಾಪ್ಳನ ಕಸುಬಿನಲ್ಲಿ ಅತ್ತೆ ಬಾಯಿ ಹಾಕಿದಳು ಎಂದಾಗುವುದು ಬೇಡ.” ಆಮೇಲೆ ಒಳಗೆ ಹೋಗಿ ಅಕ್ಕಿ ರೊಟ್ಟಿ ಬೇಯಿಸಿದರು. ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡೇ ಬೇಯಿಸಿದರು. ಬಾಗಿಲಿನ ಈಚೆ ಕೂತು ನಿಮ್ಮ ಅಳಿಯ ಮೀನುಸಾರು ತುಂಬ ಚೆನ್ನಾಗಿದೆ ಎಂದರು.

ನಿನ್ನೆ ಯಂತ್ರ ಓಡುತ್ತಿರುವಾಗ ಇವರು ಗೇಟಿನಲ್ಲಿ ಯಾರೊಡನೆಯೋ ಮಾತಾಡಲು ಹೋದರು. ಇವರ ಪೆಟ್ಟಿಗೆಯಿಂದ ಟೆಸ್ಟರ್ ತಂದು, ಇವರ ಹಲಗೆಯ ಮೇಲೆ ನಿಂತು ಸರಿಗೆಗೆ ಮುಟ್ಟಿಸಿದೆ. ಹಿಡಿಯಲ್ಲಿ ಕೆಂಪು ಬೆಳಕು ಬಂತು. ಕಂಬಕ್ಕೆ ಮುಟ್ಟಿಸಿದೆ, ಬಂತು. ಯಂತ್ರದ ಡಬ್ಬಿಗೂ ಬಂತು. ಡಬ್ಬಿ ಕಂಬಕ್ಕೆ ತಾಗಿ ನಿಂತಿದೆ. ಇವತ್ತು ಮೈನ್ ಸ್ವಿಚ್ ತೆಗೆದಿರುವಾಗ ಸರಿಯಾಗಿ ನೋಡಿದೆ. ಯಂತ್ರವನ್ನು ಗೇಟಿನ ತನಕ ಎಳೆದು ತರುವುದರಲ್ಲಿ, ಕೇಬಲ್ ಡಬ್ಬಿಯ ಒಳಗೆ ಹೋಗುವ ತೂತಿನ ರಬ್ಬರ್ ಬಳೆ ಬಿದ್ದು ಹೋಗಿ, ತಗಡಿನ ಅಂಚು ಕೇಬಲ್ಲಿನ ಸಿಪ್ಪೆಯನ್ನು ತಿಂದುಹಾಕಿ, ಒಳಗಿನ ತಂತಿ ಡಬ್ಬಿಗೆ ತಾಗುತ್ತಿದೆ. ಹಿತ್ತಿಲಿಗೆ ಹೋಗಿ ಗುಂಡಿಯ ಮೇಲಿನ ಮಣ್ಣು ಕೆದಕಿದೆ. ಶುಕ್ರವಾರದ ಮಳೆ ಅಲ್ಲಿ ಒಂದು ಬೆರಳಿನಷ್ಟೂ ಇಳಿದಿಲ್ಲ. ಕೆಳಗೆ ಇದ್ದಲಿನ ಪುಡಿ ಒಣ ಬೂದಿಯ ಹಾಗೆ ಹಾರಿತು, ಕೊಳವೆಯ ಸುತ್ತ ಇರುವೆ ಗೂಡು ಕಟ್ಟಿದೆ. ಗುಂಡಿ ಹಸಿಯಿದ್ದಿದ್ದರೆ ಡಬ್ಬಿಗೆ ಬಂದ ಕರೆಂಟು ನೆಲಕ್ಕೆ ಇಳಿದು ಫ್ಯೂಸ್ ಹಾರುತ್ತಿತ್ತು, ಎಲ್ಲೋ ತಪ್ಪಾಗಿದೆ ಎಂದು ಮೊದಲ ದಿನವೇ ತಿಳಿಯುತ್ತಿತ್ತು ಎಂದು ನನಗೆ ಅರ್ಥವಾಗಿರುವುದು ಸರಿಯೇ, ಬಾಪಾ? ನೀವು ಹಾಗೆಯೇ ಹೇಳಿದ್ದಿರಿ ಎಂದು ನೆನಪು.

ನಿನ್ನೆ ಊಟದ ಹೊತ್ತಿಗೆ, ಉಮ್ಮನ ಹೆಸರು ತೆಗೆಯದೆ, ಸರಿಗೆಯಲ್ಲಿ ಕರೆಂಟು ಬರುವ ಹಾಗೆ ಕಾಣುತ್ತದೆ ಎಂದು ಇವರಿಗೆ ಹೇಳಿದೆ. ನಕ್ಕರು. “ನೀನು ಓದುವ ರಷ್ಯಾದ ಕಾದಂಬರಿಯಲ್ಲಿ ವೆಲ್ಡಿಂಗ್ ಕೂಡ ಉಂಟಾ? ನಾನು ದಿನವಿಡೀ ಆ ಡಬ್ಬಿಯನ್ನು ಹಿಡಿದು ಎಳೆದಾಡುತ್ತೇನೆ, ನನ್ನನ್ನು ಯಾಕೆ ಹಿಡಿಯಲಿಲ್ಲ ಮಾರಾಯ್ತಿ?” ಎಂದರು. ಅವರ ಕಾಲಲ್ಲಿ ಬೂಟು ಉಂಟು. ಉಮ್ಮನ ಕಾಲಲ್ಲಿ ಏನೂ ಇಲ್ಲ. ಇದನ್ನು ಹೇಳಲು ಬಾಯಿ ತೆರೆದೆ, ಬಾಗಿಲಿನ ಹಿಂದೆ ಉಮ್ಮನ ಬಳೆಯ ಸದ್ದಾಯಿತು, ಇವರಿಗೆ ಇನ್ನಷ್ಟು ಸಾರು ಬಡಿಸಿದೆ. ಸರಿಗೆಯನ್ನು ಇವತ್ತು ನಾನೇ ಬಿಚ್ಚಿ ಸುತ್ತಿಟ್ಟಿದ್ದೇನೆ. ಆದರೆ ಕಂಬವನ್ನು ಸುತ್ತಿಡಲಾಗುವುದಿಲ್ಲ. ಬಾವಿಗೆ ಹೋಗುವ ದಾರಿ ಅದರ ಪಕ್ಕದಲ್ಲೇ ಉಂಟು. ಒದ್ದೆ ಸೀರೆಯಲ್ಲಿ, ಎರಡು ಕೈಯಲ್ಲೂ ಕೊಡ ಹಿಡಿದುಕೊಂಡು ಉಮ್ಮ ಅಲ್ಲಿಯೇ ನಡೆಯುತ್ತಾರೆ. ಇನ್ನು ಮಳೆ ಬೇರೆ ಬರುವುದುಂಟು.

ಆದ್ದರಿಂದ ಒಂದು ಬೇಡಿಕೆ. ನಿಮ್ಮ ಮಾತನ್ನು ಇವರು ಮೀರುವುದಿಲ್ಲ. ನನ್ನ ಪತ್ರದ ಸುದ್ದಿ ಎತ್ತದೆ, ಬೊಂಬಾಯಿಯಲ್ಲಿ ನಿಮ್ಮ ಕಣ್ಣೆದುರು ಹೀಗೊಂದು ನಡೆಯಿತು, ಒಮ್ಮೆ ನಮ್ಮ ಕೇಬಲ್ಲನ್ನೂ ಗುಂಡಿಯನ್ನೂ ನೋಡಿಕೊಂಡರೆ ಒಳ್ಳೆಯದು ಎಂದು ಇವರ ಹೆಸರಿಗೇ ಒಂದು ಪತ್ರ ಹಾಕಿ. ಅತ್ತೆಮನೆಯವರು ತಪ್ಪು ಹುಡುಕಿದರು ಎಂದಾಗುವುದಿಲ್ಲ. ಬಂದರಿನ ಅಂಗಡಿಯಲ್ಲಿ ನಗುವವರಿಗೂ ಮಾತು ಸಿಗುವುದಿಲ್ಲ.

ಉಮ್ಮ ನಿಮಗೆ ಸಲಾಂ ತಿಳಿಸಿದ್ದಾರೆ. ಉಪ್ಪಿನಕಾಯಿಗೆ ಮಾವಿನಮಿಡಿ ಹಾಕಿಟ್ಟಿದ್ದಾರೆ, ಊರಿಗೆ ಬಂದವರ ಕೈಯಲ್ಲಿ ಕಳಿಸುತ್ತೇವೆ. ಐರಿನ್ ಬಾಯಿಯೂ ಕೇಳಿದರೆಂದು ಬರೆಯಲು ಹೇಳಿದ್ದಾರೆ. ಅಲ್ಲಾಹನು ನಿಮ್ಮನ್ನು ಕಾಪಾಡಲಿ, ಬೆನ್ನುನೋವನ್ನೂ ಇಳಿಸಲಿ.

ನಿಮ್ಮ ಮಗಳು,
ಲೈಲಾ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇನ್ನೊಮ್ಮೆ ಓದಿದೆ. ಬೊಂಬಾಯಿಯ ಕಥೆ ಕಟ್ಟಬೇಡಿ ಬಾಪಾ, ಇವರಿಗೆ ಏನೂ ಬರೆಯಬೇಡಿ. ಈ ಪತ್ರ ನಿಮ್ಮನ್ನು ಮುಟ್ಟುವ ತನಕ ಕಾಯುವ ಹಾಗಿಲ್ಲ. ಗಾಡಿಗಳಿಗೆ ಬೇಕಾದ ಕಬ್ಬಿಣ ಈಗಷ್ಟೇ ಗೇಟಿನಲ್ಲಿ ಇಳಿದಿದೆ, ನಾಳೆ ಬೆಳಿಗ್ಗೆಯೇ ಇವರು ಕೆಲಸ ಹಿಡಿಯುತ್ತಾರೆ. ಬೆಳಗಿನ ಚಾ ಕುಡಿದು ಎದ್ದ ಕೂಡಲೇ, ಮೈನ್ ಹಾಕುವ ಮೊದಲು, ಇವರನ್ನು ನಾನೇ ಹಿತ್ತಿಲಿಗೆ ಕರೆದುಕೊಂಡು ಹೋಗಿ ಗುಂಡಿ ತೋರಿಸುತ್ತೇನೆ. ಉಮ್ಮನ ಕೈಗೆ ಏನಾಯಿತೆಂದು ಉಮ್ಮನನ್ನು ಎದುರಿಗೆ ನಿಲ್ಲಿಸಿಯೇ ಹೇಳುತ್ತೇನೆ. ಕೇಬಲ್ ಬದಲಾಗಿ, ಗುಂಡಿ ನೆನೆದು, ಟೆಸ್ಟರಿನಲ್ಲಿ ಬೆಳಕು ಬಾರದಿರುವ ತನಕ ಯಂತ್ರ ಓಡುವುದು ಬೇಡ ಎನ್ನುತ್ತೇನೆ. ಗಾಡಿಗಳು ತಡವಾದರೆ ಆಗಲಿ. ಮುನಿಸಿಕೊಂಡು ಬಂದರಿಗೆ ಅಣ್ಣನ ಹತ್ತಿರ ಹೋದರೂ, ಹೋದ ಅಳಿಯನನ್ನು ಕರೆದು ತರಬಹುದು. ಉಮ್ಮ ಎದ್ದು ಚಾಕ್ಕೆ ನೀರಿಟ್ಟ ಸದ್ದು ಕೇಳುತ್ತದೆ. ಅವರಿಗೆ ಇದನ್ನು ಇನ್ನೂ ಹೇಳಿಲ್ಲ.